ಮೂರನೆಯ ಸ್ವಿಚ್ಚು, ನಾಲ್ಕನೆಯ ಸ್ವಿಚ್ಚು

ಜೂನ್ ೪

ಅಣ್ಣಾ,

ಮತ್ತೆ ಕೆಟ್ಟ ಕನಸು. ಇವರು ನಮ್ಮ ವಿಡಿಯೋ ಗೇಮ್ ಅಂಗಡಿಯ ಹಳೇ ಮೇಜಿನ ಮೆಷಿನ್ನಿನ ಗಾಜಿನೊಳಗೆ ಸಿಕ್ಕಿಕೊಂಡಿದ್ದಾರೆ. ಮುತ್ತು ಹೆಕ್ಕುವ ಆಟದ ಮುಳುಗುಗಾರ ಇದ್ದನಲ್ಲ, ಅವನ ಹಾಗೆ ಹೆಬ್ಬೆರಳಿನಷ್ಟೇ ಆಗಿ ನೀಲಿ ನೀರಿನಲ್ಲಿ ಕೈ ಬಡಿಯುತ್ತಿದ್ದಾರೆ. ಮೀನು ಬರುತ್ತಿದೆ. ನಾನು ಮೆಷಿನ್ನಿನ ಹಿಡಿಯನ್ನು ಹಿಡಿದು ಎಳೆಯುತ್ತೇನೆ, ಅದು ಬೆಣ್ಣೆಯ ಹಾಗೆ ಬಾಗುತ್ತದೆಯೇ ಹೊರತು ಇವರು ಇದ್ದಲ್ಲಿಂದ ಕದಲುವುದಿಲ್ಲ. ಎದ್ದವಳೇ ಇವರ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದೆ. ಉಸಿರು ಬರುತ್ತಿತ್ತು. ಇವರು ಕಣ್ಣು ಬಿಟ್ಟು, ಇವಳಿಗೆ ಹುಚ್ಚೇನು ಎನ್ನುವ ಹಾಗೆ ನೋಡಿ ಮತ್ತೆ ಮಲಗಿದರು.

ಕನಸಿಗೆ ಕಾರಣ ಇದೆ. ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ, ಕೇಳಿಸಿತು ಅಂತ ಸುಳ್ಳು ಹೇಳುತ್ತೀಯ, ಅದಕ್ಕೇ ಕಾಗದ. ನನ್ನ ಅಕ್ಷರ ನೋಡಿ ನಗಬೇಡ. ಏಳನೇ ಕ್ಲಾಸಿಗೆ ಬಿಡಿಸಿದವರನ್ನು ಕೇಳು.

ಇವರಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತೇ ಇದೆ. ಕಾಲು ಪರವಾಗಿಲ್ಲ, ಗೋಡೆ ಹಿಡಿದು ನಡೆಯುತ್ತಾರೆ. ಎಡಗೈ ಮಾತ್ರ ತೊಡೆಯ ಮೇಲೆ ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ ಬಿದ್ದಿರುತ್ತದೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ, "ಈ ಎರಡು ಮೂರು ತಿಂಗಳಲ್ಲಿ ಬೆರಳಿಗೆ ಹಿಡಿತ ಬಂದರೆ ಬಂತು, ಆಮೇಲೆ ಕಷ್ಟ ಆಂಟೀ" ಎಂದಳು. ರಬ್ಬರ್ ಚೆಂಡು ಕೊಟ್ಟಳು. ಇವರು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. ನಾನು ಬಗ್ಗಿ ತೆಗೆದು ಕೊಟ್ಟೆ, ಮತ್ತೆ ಉರುಳಿಸಿದರು. ಈಗ ವ್ಯಾಯಾಮ ಆಗುತ್ತಿರುವುದು ನನ್ನ ಸೊಂಟಕ್ಕೆ.

ಆಗ ನನಗೆ ಹೊಳೆಯಿತು. ಮೆಷಿನ್ನಿನ ಹಿಡಿ ಇರುವುದು ಎಡಗೈಗೆ, ಗುಂಡಿ ಬಲಗೈಗೆ. ಹಿಂದಿನ ಕೋಣೆಯಲ್ಲಿ ಅದರ ಮೇಲೆ ನಾನು ಬಟ್ಟೆ ಮಡಚುತ್ತಿದ್ದೆ. ಹೊದಿಕೆ ತೆಗೆಸಿ, ಟಿವಿ ರಿಪೇರಿಯವನನ್ನು ಕರೆಸಿದೆ. ಫ್ಯೂಸು ಹಾಕಿದ, ಏನೇನೋ ಒರೆಸಿದ, ಹತ್ತಿಕೊಂಡಿತು ಅಣ್ಣಾ! ಅದೇ ನೀಲಿ, ಅದೇ ಟುಳುಂಕ್ ಶಬ್ದ.

ಇವರಿಗೆ ಇನ್ನೂ ತೋರಿಸಿಲ್ಲ. ಹೆದರಿಕೆ. ಕೂತ ತಕ್ಷಣ ಸೋತರೆ ಅದನ್ನೂ ಚೆಂಡಿನ ಹಾಗೆಯೇ ಬಿಟ್ಟುಬಿಡುತ್ತಾರೆ. ಒಳಗಿನ ಬೋರ್ಡಿನಲ್ಲಿ ಪುಟ್ಟ ಸ್ವಿಚ್ಚುಗಳ ಸಾಲು ಇದೆಯಲ್ಲ, ನೀನು ಪೆನ್ಸಿಲ್ ಮೊನೆಯಿಂದ ಆಚೆ ಈಚೆ ತಳ್ಳುತ್ತಿದ್ದೆಯಲ್ಲ, ಅದನ್ನು ಹೇಗೆ ತಳ್ಳಿದರೆ ಆಟ ಸುಲಭ ಆಗುತ್ತದೆ ಬರೆದು ತಿಳಿಸು. ಇವರಿಗೆ ಗೊತ್ತಾಗಬಾರದು. ಬೇರೆಲ್ಲ ಚೆನ್ನಾಗಿದ್ದಾರೆ, ಮಾತು ಸ್ವಲ್ಪ ಕಡಿಮೆ, ಅಷ್ಟೇ.

ನಿನ್ನ ತಂಗಿ


ಜೂನ್ ೧೨

ಗಾಬರಿ ರಾಣಿಗೆ,

ಕಾಗದ ತಲುಪಿತು. ನಿನ್ನ ಅಕ್ಷರ ಚೆನ್ನಾಗಿದೆ, ತಲೆ ಒಂದೇ ಸರಿ ಇಲ್ಲ.

ಮೊದಲು ಎಚ್ಚರಿಕೆ. ಪ್ಲಗ್ ಕೀಳದೆ ಒಳಗೆ ಕೈ ಹಾಕಬೇಡ. ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನ ಹಿಂದೆ ಹೋಗಬೇಡ, ಅಲ್ಲಿ ಕರೆಂಟು ಉಳಿದುಕೊಂಡಿರುತ್ತದೆ. ಒಮ್ಮೆ ಅದು ನನ್ನನ್ನು ಎತ್ತಿ ಗೋಡೆಗೆ ಒಗೆದದ್ದು ನೆನಪಿದೆಯಾ? ನಿನ್ನ ಗಂಡ ಓಡಿ ಬಂದು ಮೊದಲು ಕೇಳಿದ್ದು, "ಮೆಷಿನ್ ಸರಿ ಇದೆಯಾ?"

ಬೋರ್ಡಿನ ದೊಡ್ಡ ತಂತಿಗಳು ಸೇರುವ ಅಂಚು ನಿನ್ನ ಹೊಟ್ಟೆಯ ಕಡೆಗೆ ಬರುವಂತೆ ನಿಲ್ಲು. ಎಡಗಡೆ ಕೆಂಪು ಡಬ್ಬಿ, ಅದರಲ್ಲಿ ಎಂಟು ಬಿಳಿ ಸ್ವಿಚ್ಚು. ಒಂದು, ಎರಡು ನಾಣ್ಯಕ್ಕೆ ಸಂಬಂಧಪಟ್ಟದ್ದು. ಮೂರು, ನಾಲ್ಕು ಸೇರಿ ಎಷ್ಟು ಮುಳುಗುಗಾರರು ಅಂತ ತೀರ್ಮಾನ ಮಾಡುತ್ತವೆ. ಐದು ಬೋನಸ್ಸಿಗೆ. ಆರು ಮೀನಿನ ವೇಗಕ್ಕೆ. ಏಳು ಮೇಜಿನ ಮೆಷಿನ್ನೋ ನಿಂತು ಆಡುವುದೋ ಅಂತ ಬೋರ್ಡಿಗೆ ಹೇಳುವುದು. ಎಂಟನೆಯದು ನನ್ನಂಥವರಿಗೆ, ಪರೀಕ್ಷೆಗೆ.

ಇಷ್ಟು ನೀನು ಕೇಳಿದೆ ಅಂತ ಹೇಳಿದೆ. ಆದರೆ ಯಾವುದನ್ನೂ ಮುಟ್ಟಬೇಡ. ಇದ್ದದ್ದು ಇದ್ದ ಹಾಗೇ ಇರಲಿ. ಅದೇ ಸಾಕು. ಭಾವನನ್ನು ಕೂರಿಸಿ ನೋಡು.

ಅಣ್ಣ


ಜೂನ್ ೧೯

ಅಣ್ಣಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. "ಯಾವುದನ್ನೂ ಮುಟ್ಟಬೇಡ." ಇಷ್ಟೇನಾ?

ನನಗೆ ಗೊತ್ತು. ಅಂಗಡಿ ಮುಚ್ಚುವಾಗ ಇವರು, ಮೆಷಿನ್ನುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ನಿನ್ನನ್ನು ಒಂದು ಮಾತೂ ಕೇಳದೆ ಉಳಿದ ಮೆಷಿನ್ನುಗಳನ್ನೆಲ್ಲ ಕೊಟ್ಟುಬಿಟ್ಟರು. ಲಾರಿ ಬಂದ ದಿನ ನೀನು ಸ್ಕ್ರೂಡ್ರೈವರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ, ಎತ್ತುವವರು ನಿನ್ನನ್ನು ಸುತ್ತು ಹಾಕಿಕೊಂಡು ಓಡಾಡಿದರು. ಆ ಸಿಟ್ಟು ನಿನಗೆ ಇನ್ನೂ ಹೋಗಿಲ್ಲ. ಇರಲಿ. ಆದರೆ ಅದನ್ನು ಇವರ ಕೈಯ ಮೇಲೆ ತೀರಿಸಿಕೊಳ್ಳಬೇಡ.

ಆ ದಿನಗಳು ನನಗೆ ಮರೆತಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತಂದರೆ ಅಂಗಡಿ ಖಾಲಿ. ಅರ್ಧ ಎಳೆದ ಶಟರ್, ಕೆಳಗಿನಿಂದ ಬರುವ ಒಂದು ಪಟ್ಟಿ ಬಿಸಿಲು, ಕಾದ ಧೂಳಿನ ವಾಸನೆ. ಯಾರೂ ಆಡದಿದ್ದರೂ ಮೆಷಿನ್ನುಗಳು ತಮ್ಮಷ್ಟಕ್ಕೆ ತಾವೇ ಹಾಡಿಕೊಳ್ಳುತ್ತಿದ್ದವು. ಆ ಮೇಜಿನ ಮೆಷಿನ್ನಿನ ಮೇಲೆ ಯಾವಾಗಲೂ "ಕೆಟ್ಟಿದೆ" ಅಂತ ಬೋರ್ಡು ಇರುತ್ತಿತ್ತು. ನಾನು ಬಂದು ಸ್ವಿಚ್ಚು ಹಾಕಿದರೆ ಮಾತ್ರ ಹತ್ತಿಕೊಳ್ಳುತ್ತಿತ್ತು. ಇವರು, "ನಿನ್ನ ಕೈಗುಣ ಕಣೇ" ಎನ್ನುತ್ತಿದ್ದರು. ಇವರು ಎದುರಿಗೆ ಕೂತು ಊಟ ಮಾಡುತ್ತಿದ್ದರು, ನಾನು ಆಡುತ್ತಿದ್ದೆ. ಎಷ್ಟು ಮುತ್ತು ಹೆಕ್ಕುತ್ತಿದ್ದೆ! ಮೊದಲ ಸ್ಥಾನಕ್ಕೆ ಬಂದವರು ಹೆಸರಿನ ಮೂರು ಅಕ್ಷರ ಹಾಕಬೇಕಲ್ಲ, ಆ ಇಂಗ್ಲಿಷ್ ಅಕ್ಷರ ನಾನು ಕಲಿತದ್ದೇ ಆ ಪರದೆಯ ಮೇಲೆ. ಸಂಜೆ ಆರಿಸಿದರೆ ಹೆಸರೂ ಆರುತ್ತಿತ್ತು, ಮಾರನೆಯ ದಿನ ಮತ್ತೆ ಹಾಕುತ್ತಿದ್ದೆ. ಸ್ಕೂಲಿನಲ್ಲಿ ಯಾವತ್ತೂ ಕೊನೇ ಬೆಂಚು, ಅಲ್ಲಿ ನಾನೇ ಮೊದಲು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಾನು ದಡ್ಡಿ ಇರಬಹುದು, ಆದರೆ ಅಂಗಡಿ ವ್ಯವಹಾರ ಗೊತ್ತು. ಗಿರಾಕಿ ಬೇಗ ಸೋಲಲಿ ಅಂತ ಅಂಗಡಿಯಲ್ಲಿ ಎಲ್ಲ ಮೆಷಿನ್ನನ್ನೂ ಕಷ್ಟಕ್ಕೇ ಇಡುತ್ತಿದ್ದದ್ದು. ಇದೂ ಹಾಗೇ ಇರುತ್ತದೆ. ಅಂದ ಮೇಲೆ ಮೂರರಿಂದ ಆರರವರೆಗೆ ಎಲ್ಲ ತಿರುಗಿಸಿದರೆ ಸುಲಭ ಆಗಲೇಬೇಕು. ನೀನು ಹೇಳದಿದ್ದರೆ ನಾನೇ ಮಾಡುತ್ತೇನೆ.

ತಂಗಿ


ಜೂನ್ ೨೭

ಅಣ್ಣಾ,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಕಾಯಬೇಕಿತ್ತು.

ಮೊದಲ ಸಲ ಮೆಷಿನ್ನು ಹತ್ತಿಕೊಂಡೇ ಇತ್ತು, ಹಾಗೆಯೇ ತಳ್ಳಿದೆ. (ಬೈಯಬೇಡ, ಪ್ಲಗ್ಗಿನ ವಿಷಯ ನೆನಪಾಗುವಷ್ಟರಲ್ಲಿ ಕೈ ಒಳಗಿತ್ತು.) ಏನೂ ಬದಲಾಗಲಿಲ್ಲ. ಆರಿಸಿ ಹಾಕಿದ ಮೇಲೆ ಪರದೆಯ ತುಂಬ ಬರೀ ಚೌಕುಳಿ, ಸೀರೆಯ ಹಾಗೆ. ಸುಟ್ಟೇ ಹೋಯಿತು ಅಂತ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ನೋಡಿದರೆ ನನ್ನ ಬಳೆ ತಗುಲಿ ಎಂಟನೆಯದೂ ಸರಿದಿತ್ತು. ಅದನ್ನು ಹಿಂದಕ್ಕೆ ತಳ್ಳಿ ಮತ್ತೆ ಆರಿಸಿ ಹಾಕಿದೆ, ಸಮುದ್ರ ಬಂತು. ನಾನು ಆಡಿ ನೋಡಬೇಕಿತ್ತು. ಆ ಹೊತ್ತಿಗೆ ಇವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಶಬ್ದ ಕೇಳಿಸಿತ್ತು.

ಅಣ್ಣಾ, ಅವರ ಮುಖ ನೀನು ನೋಡಬೇಕಿತ್ತು. ತಾವೇ ಕುರ್ಚಿ ಎಳೆದು ಕೂತರು. ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿಯ ಮೇಲೆ ಇಟ್ಟರು, ಬೆರಳುಗಳನ್ನು ಒಂದೊಂದಾಗಿ ಸುತ್ತಿಸಿದರು.

ಮೀನುಗಳು ಬಂದವು ನೋಡು, ಬೀದಿ ನಾಯಿಗಳ ಹಾಗೆ! ಅಂಗಡಿಯಲ್ಲಿ ಅಷ್ಟು ಜೋರು ನಾನು ಕಂಡೇ ಇರಲಿಲ್ಲ. ಇವರ ಮುಳುಗುಗಾರ ನೀರಿಗೆ ಬೀಳುವುದಕ್ಕೂ ಮೀನು ನುಂಗುವುದಕ್ಕೂ ಸರಿಹೋಯಿತು. ಎರಡನೆಯವನೂ ಹೋದ. ಮೂರನೆಯವನೂ ಹೋದ. ಅಷ್ಟೇ, ಮುಗಿಯಿತು. ಇವರು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ಎಡಗೈ ಎತ್ತಿ ಮಡಿಲಿಗೆ ಹಾಕಿಕೊಂಡು ಎದ್ದುಹೋದರು. ಕಣ್ಣಲ್ಲಿ ನೀರಿತ್ತು. ನಾನು ನೋಡಲಿಲ್ಲ ಅಂತ ನಟಿಸಿದೆ.

ನಿನಗೆ ಒಂದು ಸುಳ್ಳು ಬರೆದಿದ್ದೆ. ಮಾತು ಸ್ವಲ್ಪ ಕಡಿಮೆ ಅಂತ. ಮಾತೇ ಇಲ್ಲ ಅಣ್ಣಾ. ಹೂಂ, ಊಹೂಂ ಬಿಟ್ಟರೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಾತೂ ಆಡಿಲ್ಲ. ಈಗ ಊಹೂಂ ಮಾತ್ರ ಉಳಿದಿದೆ. ವ್ಯಾಯಾಮದ ಹುಡುಗಿ ಬಂದರೆ ಗೋಡೆಯ ಕಡೆ ತಿರುಗುತ್ತಾರೆ. ನನ್ನ ಕೈಯಾರೆ ಹಾಳು ಮಾಡಿದೆ. ನೀನು ಹೇಳಿದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ತಂಗಿ


ಜುಲೈ ೧೧

ತಂಗೀ,

ಉತ್ತರ ತಡವಾಯಿತು. ಸಿಟ್ಟಿನಿಂದ ಅಲ್ಲ. ಲಾರಿಯ ದಿನದ ಸಿಟ್ಟು ಲಾರಿಯ ಜೊತೆಗೇ ಹೋಯಿತು. ಬಾಗಿಲಲ್ಲಿ ನಿಂತದ್ದು ಅಡ್ಡ ಹಾಕಲಿಕ್ಕಲ್ಲ, ಯಾವ ಮೆಷಿನ್ನು ಹೋಗುತ್ತಿದೆ ಅಂತ ಕೊನೇ ಸಲ ನೋಡಲಿಕ್ಕೆ. ತಡವಾದದ್ದು ಭಾವನಿಗೆ ಕೊಟ್ಟ ಮಾತಿನಿಂದ. ಅದನ್ನು ಮುರಿಯಲೋ ಬೇಡವೋ ಅಂತ ಇಷ್ಟು ದಿನ ತಲೆ ಕೆರೆದುಕೊಂಡೆ. ಇನ್ನು ಕೆರೆಯಲು ಕೂದಲಿಲ್ಲ.

ಆ ಬೋರ್ಡು ಕಷ್ಟಕ್ಕೆ ಇರಲಿಲ್ಲ. ಅದು ಅತಿ ಸುಲಭಕ್ಕೆ ಇತ್ತು. ನೀನು ತಿರುಗಿಸಿ ಕಷ್ಟ ಮಾಡಿದೆ.

ನಿನ್ನ ಮದುವೆಯಾದ ಹೊಸತು. ನೀನು ಊಟ ತಂದ ದಿನ ಭಾವ ನಿನ್ನನ್ನು ಅಲ್ಲಿ ಕೂರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಸೋತು ಎದ್ದೆ. ಏನಂದೆ ನೆನಪಿದೆಯಾ? "ಇದೆಲ್ಲ ಓದಿದವರಿಗೆ ಸರಿ, ನನ್ನಂಥವರಿಗಲ್ಲ." ಹೇಳಿ, ನಗುತ್ತ ಡಬ್ಬಿ ಜೋಡಿಸಿಕೊಂಡೆ. ನಾನೂ ನಕ್ಕೆ. ಭಾವ ನಗಲಿಲ್ಲ.

ಮಾರನೆಯ ದಿನ ಶಟರ್ ಎತ್ತುವ ಮೊದಲೇ ಬಂದು ಹೇಳಿದ:

"ಆ ಮೇಜಿಂದನ್ನ ಸ್ವಲ್ಪ ಮೆತ್ತಗೆ ಮಾಡು."

"ಮೆತ್ತಗೆ ಅಂದ್ರೆ?"

"ಎಷ್ಟಾಗುತ್ತೋ ಅಷ್ಟು. ಅವಳಿಗೆ ಗೊತ್ತಾಗಬಾರದು."

"ಭಾವಾ, ಹುಡುಗರಿಗೆ ಗೊತ್ತಾದ್ರೆ ಒಂದೇ ನಾಣ್ಯ ಹಾಕಿ ಸಂಜೆ ತನಕ ಅಲ್ಲೇ ಸಂಸಾರ ಹೂಡ್ತಾರೆ."

"ಅದಕ್ಕೊಂದು ದಾರಿ ಮಾಡ್ತೀನಿ, ನೀನು ಸ್ವಿಚ್ಚು ನೋಡ್ಕೋ."

ಅವನು ಮಾಡಿದ ದಾರಿಯೇ "ಕೆಟ್ಟಿದೆ" ಬೋರ್ಡು. ಅವನೇ ಕೈಯಾರೆ ಬರೆದದ್ದು. ನಿನ್ನ ಚಪ್ಪಲಿ ಶಬ್ದ ಬೀದಿಯಲ್ಲಿ ಕೇಳಿಸಿದರೆ ಒಳಗಿನ ಒಂದು ತಂತಿ ಸಿಕ್ಕಿಸಿ ಏನೂ ಗೊತ್ತಿಲ್ಲದವನ ಹಾಗೆ ಕೂರುತ್ತಿದ್ದ. ಕೈಗುಣವಂತೆ ಕೈಗುಣ!

ಅದಕ್ಕೇ ನಾನು ಮುಟ್ಟಬೇಡ ಎಂದದ್ದು. ಸುಲಭಕ್ಕೇ ಇದೆ ಅಂತ ಬರೆದಿದ್ದರೆ, ಯಾಕೆ ಅಂತ ನೀನು ಕೇಳದೆ ಬಿಡುವವಳೇ? ಮಾತು ಉಳಿಸಿಕೊಳ್ಳಲು ಹೋಗಿ ಭಾವನ ಕೈ ಕಳೆದೆನೇನೋ.

ಈಗಲೇ ಸರಿ ಮಾಡು. ಪ್ಲಗ್ ಕಿತ್ತು, ಮೂರು, ನಾಲ್ಕು ಎರಡನ್ನೂ ಮೇಲೆ ತಳ್ಳು, ಐದು ಮುಳುಗುಗಾರರು ಬರುತ್ತಾರೆ. ಈಗ ಎರಡೂ ಕೆಳಗಿರಬೇಕು, ಅದಕ್ಕೇ ಮೂರು. ಒಂದು ಮೇಲೆ ಒಂದು ಕೆಳಗೆ ಮಾತ್ರ ಇಡಬೇಡ. ಒಂದು ರೀತಿಯಲ್ಲಿ ನಾಲ್ಕು ಬರುತ್ತದೆ, ಇನ್ನೊಂದು ರೀತಿಯಲ್ಲಿ ಎರಡೇ. ಐದು, ಆರನ್ನೂ ಮೇಲೆ ತಳ್ಳು. ಆಮೇಲೆ ಭಾವನನ್ನು ಹೇಗಾದರೂ ಮಾಡಿ ಕೂರಿಸು. ತಕ್ಷಣ ಬರೆ.

ಅಣ್ಣ


ಜುಲೈ ೩೦

ತಂಗೀ,

ಕಾರ್ಡು ಬರೆಯುತ್ತಿದ್ದೇನೆ, ಬೇಗ ತಲುಪಲಿ ಅಂತ. ನಿನ್ನಿಂದ ಉತ್ತರ ಇಲ್ಲ. ಗಾಬರಿ ನಿನ್ನ ಖಾತೆ, ನನಗೆ ಯಾಕೆ ವರ್ಗ ಮಾಡಿದೆ? ಮಗಳ ಕೈಯಲ್ಲಿ ಫೋನ್ ಮಾಡಿಸಿದರೆ ನೀನು "ಕಾಗದ ಬರೀತೀನಿ ಅಂತ ಹೇಳು" ಎಂದೆಯಂತೆ, ದನಿ ಬಿಗಿಯಾಗಿತ್ತಂತೆ. ಭಾವ ಹೇಗಿದ್ದಾನೆ? ನನ್ನ ಮೇಲೆ ಬೇಸರವಾಗಿದ್ದರೆ ಆಮೇಲೆ ಬೈ, ಮೊದಲು ಕೈ ಹೇಗಿದೆ ಹೇಳು. ಐದು ಜಾಸ್ತಿ ಅನಿಸಿದರೆ ನಾಲ್ಕಾದರೂ ಇಡು. ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ ಇಟ್ಟರೆ ನಾಲ್ಕು ಅಂತ ನೆನಪು.

ಅಣ್ಣ


ಆಗಸ್ಟ್ ೧೬

ಅಣ್ಣಾ,

ಗಾಬರಿ ಬೀಳಿಸಿದೆ, ಕ್ಷಮಿಸು. ಬೀಳಲಿ ಬಿಡು, ಹೇಗಿರುತ್ತದೆ ಅಂತ ನಿನಗೂ ಗೊತ್ತಾಗಲಿ.

ನಿನ್ನ ದೊಡ್ಡ ಕಾಗದ ಬಂದಾಗ ಅದರಲ್ಲಿ ಹೇಳಿದ್ದನ್ನು ಮಾಡಬೇಕಾಗಿರಲಿಲ್ಲ. ಅದಕ್ಕೆ ಎರಡು ದಿನ ಮೊದಲು ಏನಾಯಿತು ಕೇಳು. ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿನಿಂದ ಟುಳುಂಕ್ ಅಂತ ಕೇಳಿಸಿತು. ಮುಳುಗುಗಾರ ಸತ್ತ ಶಬ್ದ. ಮತ್ತೆ ಟುಳುಂಕ್. ಮತ್ತೆ ಟುಳುಂಕ್. ಆಮೇಲೆ ಒಂದು ದನಿ, "ಥೂ, ಕತ್ತೆ ನನ್ ಮಗನೇ!" ಮನೆಗೆ ಯಾರೋ ನುಗ್ಗಿದ್ದಾರೆ ಅಂತ ಬಟ್ಟೆ ಬಡಿಯುವ ಕೋಲು ಹಿಡಿದುಕೊಂಡು ಓಡಿದೆ. ನೋಡಿದರೆ ಇವರು! ತಾವೇ ಮೆಷಿನ್ನು ಹಾಕಿಕೊಂಡು ಕೂತಿದ್ದಾರೆ. ಅಷ್ಟು ದಿನದ ಮೇಲೆ ಬಾಯಿಂದ ಬಂದ ಮೊದಲ ಮಾತು ಮೀನಿಗೆ ಬೈಗುಳ ಅಣ್ಣಾ. ಕೋಲು ಅಲ್ಲೇ ಹಾಕಿ ಅತ್ತುಬಿಟ್ಟೆ. ಇವರು ತಿರುಗಿಯೂ ನೋಡಲಿಲ್ಲ, ಮೀನು ಬರುತ್ತಿತ್ತಲ್ಲ.

ಅಂದಿನಿಂದ ಬೆಳಿಗ್ಗೆ ಚಹಾ ಆದ ಕೂಡಲೇ ಅಲ್ಲಿಗೆ. ಸೋಲುವುದು, ಬೈಯುವುದು, ಮತ್ತೆ ಸೋಲುವುದು. ಕಷ್ಟಕ್ಕೇ ಇರುವುದರಿಂದಲೇ ಏಳುತ್ತಿಲ್ಲ ಅಂತ ನನಗೆ ಅನಿಸಿತು, ಅದಕ್ಕೇ ಸ್ವಿಚ್ಚು ಮುಟ್ಟಲಿಲ್ಲ. ಮೊದಲು ಬೆರಳು ಒಂದೊಂದಾಗಿ ಸುತ್ತಿಸಬೇಕಿತ್ತು. ಈಗ ಕೈ ಹಿಡಿಯ ಹತ್ತಿರ ಹೋದರೆ ಬೆರಳು ತಾವೇ ಮುಚ್ಚಿಕೊಳ್ಳುತ್ತವೆ. ವ್ಯಾಯಾಮದ ಹುಡುಗಿ ತನ್ನ ಎರಡು ಬೆರಳು ಕೊಟ್ಟು "ಹಿಡೀರಿ ಅಂಕಲ್" ಎಂದಳು. ಹಿಡಿದರು. "ಬಿಡಿ ಅಂಕಲ್" ಎಂದಳು, ಬಿಡಲಿಲ್ಲ. ತಮಾಷೆಗೆ! ಮೊನ್ನೆ ಎಡಗೈಯಲ್ಲಿ ಲೋಟ ಎತ್ತಿದರು. ಅರ್ಧ ಚೆಲ್ಲಿತು, ಅರ್ಧ ಕುಡಿದರು. ಇನ್ನೂ ಅಂಗಿಯ ಗುಂಡಿ ಆಗುವುದಿಲ್ಲ. ಆಗುತ್ತದೆ ಅಂತ ಹುಡುಗಿ ಹೇಳಿದ್ದಾಳೆ. ಆಗದಿದ್ದರೆ ಅಂತ ನನಗೆ ಒಂದು ಭಯ ಇದ್ದೇ ಇದೆ, ಅದು ಇರಲಿ.

ಇನ್ನು ನೀನು ಬರೆದ ವಿಷಯ. ಎರಡು ದಿನ ನಾನು ಇವರಿಗೆ ಚಹಾ ಲೋಟವನ್ನು ಕುಕ್ಕಿ ಇಟ್ಟೆ. ಪಾಪ, ಯಾಕೆ ಅಂತ ಅವರಿಗೆ ಗೊತ್ತೇ ಇಲ್ಲ. ನಿನ್ನ ಮಗಳು ಫೋನ್ ಮಾಡಿದ್ದು ಆಗಲೇ. ಒಂದು ಕಡೆಯಾದರೂ ನಾನು ಮೊದಲು ಅಂತ ಇಷ್ಟು ವರ್ಷ ಎದೆಯೊಳಗೆ ಇಟ್ಟುಕೊಂಡಿದ್ದೆನಲ್ಲ ಅಣ್ಣಾ. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ, ಆದರೂ ಸಾಮಾನು ತರುವಾಗ, ಸಾಲಿನಲ್ಲಿ ನಿಂತಾಗ, ಯಾರಾದರೂ ಓದು ಬಾರದವಳು ಅಂತ ನೋಡಿದಾಗ ಮನಸ್ಸಿನಲ್ಲೇ ಒಮ್ಮೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದೂ ಇವರು ಮಾಡಿಕೊಟ್ಟದ್ದಾ ಅಂತ ಹೊಟ್ಟೆ ಉರಿಯಿತು.

ಆಮೇಲೆ ಬಟ್ಟೆ ಮಡಚುತ್ತ ಕೂತಾಗ ಬೇರೆ ಥರ ಕಾಣಿಸಿತು. ಅಂಗಡಿ ತುಂಬ ಹುಡುಗರು ಗಲಾಟೆ ಮಾಡುತ್ತಿದ್ದಾಗ ಆ ಒಂದು ಮೆಷಿನ್ನು ದಿನವಿಡೀ ನನಗೋಸ್ಕರ ಕೆಟ್ಟು ನಿಂತಿತ್ತಲ್ಲ. ಎಲ್ಲವನ್ನೂ ಲಾರಿಗೆ ಹಾಕಿದವರು ಇದೊಂದನ್ನು ಯಾಕೆ ಇಟ್ಟುಕೊಂಡರು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಬಟ್ಟೆ ಮಡಚಲು ಅನುಕೂಲ ಅಂದುಕೊಂಡಿದ್ದೆ.

ಇವರಿಗೆ ನಾನು ಹೇಳಿಲ್ಲ. ನನಗೆ ಗೊತ್ತಾಯಿತು ಅಂತ ನೀನೂ ಹೇಳಬೇಡ.

ನಿನ್ನೆ ಇವರು ಎದುರಿನ ಕುರ್ಚಿ ತೋರಿಸಿ "ಕೂತ್ಕೋ" ಎಂದರು. ಇಬ್ಬರ ಆಟ ಹಾಕಿದೆ. ಅವರ ಸರದಿ ಮುಗಿದು ನನ್ನ ಸರದಿ ಬಂದಾಗ, ಮೇಜಿನ ಮೆಷಿನ್ನಲ್ಲವೇ, ಪರದೆಯ ಸಮುದ್ರ ತಿರುಗಿ ನನ್ನ ಕಡೆಗೆ ಬಂತು, ಹಿಂದಿನ ಹಾಗೆಯೇ. ಕನ್ನಡಕದಲ್ಲಿ ಮೀನು ಯಾವುದು ಮುತ್ತು ಯಾವುದು ಗೊತ್ತಾಗಲಿಲ್ಲ, ಮೂರು ಜೀವವೂ ಮೂರು ಉಸಿರಿನಲ್ಲಿ ಹೋಯಿತು. ಇವರು ವಾರೆ ಬಾಯಲ್ಲೇ ನಕ್ಕರು. ಎಷ್ಟು ನಕ್ಕರು ಅಂದರೆ ಕೆಮ್ಮು ಬಂತು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಒಂದೊಂದೇ ಮಾತು ಹುಡುಕಿಕೊಂಡು,

"ಅಣ್ಣಂಗೆ ಬರಿ. ನಿನ್ ಥರ ಮಾಡ್ಕೊಡ್ಲಿ" ಎಂದರು.

"ನನ್ ಥರ ಅಂದ್ರೆ?" ಎಂದೆ.

"ಸುಮ್ನೆ ಬರಿ ಅಂದ್ರೆ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಐದಕ್ಕೆ ಇಡುವುದಿಲ್ಲ. ಐದಕ್ಕೆ ಇಟ್ಟು ಮೀನನ್ನೂ ನಿಧಾನ ಮಾಡಿದರೆ ಇವರ ಕೈಗೆ ಕೆಲಸ ಇರುವುದಿಲ್ಲ. ಮೂರಕ್ಕೆ ಬಿಟ್ಟರೆ ನನಗೆ ಎದುರು ಕೂರಲು ಆಗುವುದಿಲ್ಲ, ಮತ್ತೆ ಇವರು ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಮೀನು ಇರುವಷ್ಟೇ ಜೋರಾಗಿರಲಿ, ಇಬ್ಬರಿಗೂ ನಾಲ್ಕು ನಾಲ್ಕು ಜೀವ. ನಾನೇ ತೀರ್ಮಾನ ಮಾಡಿದ್ದೇನೆ.

ಈಗ ಒಂದೇ ಒಂದು. ಕಾರ್ಡಿನಲ್ಲಿ ನೀನು ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ ಅಂತ ಬರೆದು ಪಕ್ಕದಲ್ಲೇ "ನೆನಪು" ಅಂತಲೂ ಬರೆದಿದ್ದೀಯ. ಹಿಂದುಮುಂದಾದರೆ ಎರಡೇ ಬರುತ್ತದೆ ಅಂತ ನೀನೇ ಹೇಳಿದ್ದು. ಎರಡು ನಮಗೆ ಸಾಲುವುದಿಲ್ಲ. ನಿನ್ನ ಟ್ರಂಕಿನಲ್ಲಿ ಕಂಪನಿಯವರು ಬೋರ್ಡಿನ ಜೊತೆ ಕೊಟ್ಟ, ಯಾವ ಸ್ವಿಚ್ಚು ಎಲ್ಲಿದ್ದರೆ ಏನಾಗುತ್ತದೆ ಅಂತ ಚುಕ್ಕಿ ಹಾಕಿ ತೋರಿಸಿದ ಕಾಗದ ಇನ್ನೂ ಇರಬೇಕು. ನೆನಪು ಬೇಡ ಅಣ್ಣಾ, ಆ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿರಬೇಕಾದದ್ದು ಮೂರನೆಯದೋ ನಾಲ್ಕನೆಯದೋ ಇನ್ನೊಂದು ಸಲ ನೋಡಿ ಬರೆ.

ತಂಗಿ